ಗಾಳಿ ಬಂದಾಗ ತೂರಿಕೋ: ತೂರುವುದು ಏನನ್ನು?

‘ಗಾಳಿ ಬಂದಾಗ ತೂರಿಕೋ’ ಅಂದರೆ ಸಂದಿ ಸಿಕ್ಕಾಗ ನುಸುಳಿಕೋ ಅಂತ ತಿಳಿದವರು ಈಗ ಬಹಳ ಮಂದಿ. ‘ತೂರು’ಗೆ ನುಸುಳುವ ಅರ್ಥವೂ ಇದೆಯಲ್ಲ, ಹಾಗಾಗಿ ತಪ್ಪು ಸಹಜ. ಆದರೆ ಈ ಮಾತು ಒಕ್ಕಣೆ ಕಣದ್ದು: ಇಲ್ಲಿ ತೂರುವುದು ಅಂದರೆ ಗಾಳಿಗೆ ಬಿಟ್ಟು ಕಾಳಿನಿಂದ ಹೊಟ್ಟು ಬೇರೆ ಮಾಡುವುದು.

ರಾಗಿಯನ್ನೇ ನೋಡಿ. ತೆನೆ ಹರಡಿ, ಕಲ್ಲಿನ ಗುಂಡು ಉರುಳಿಸಿ ಒಕ್ಕಿದ ಮೇಲೆ ಕಾಳು, ಹೊಟ್ಟು, ದೂಳು ಎಲ್ಲ ಒಂದಾಗಿರುತ್ತದೆ. ಅದನ್ನು ಮೊರಕ್ಕೆ ತುಂಬಿ, ತಲೆಗಿಂತ ಮೇಲೆತ್ತಿ, ಮೊರದ ಬಾಯಿ ಒಂಚೂರು ಬಾಗಿಸಿ, ಅಲ್ಲಾಡಿಸುತ್ತ ತೆಳ್ಳಗೆ ಬಿಡಬೇಕು. ಕಾಳು ಕಾಲಬುಡದಲ್ಲಿ ನೆಟ್ಟಗೆ ಬೀಳುತ್ತದೆ, ಹೊಟ್ಟು ಆಚೆ ಹಾರುತ್ತದೆ. ಇನ್ನೊಬ್ಬರು ರಾಶಿಯ ಮೇಲೆ ಉಳಿದ ಕಡ್ಡಿಕಸವನ್ನು ಪೊರಕೆಯಲ್ಲಿ ಮೆಲ್ಲಗೆ ಸವರುತ್ತಿರಬೇಕು. ಮೊರ ಒಮ್ಮೆಲೇ ಬೋರಲು ಹಾಕಿದರೆ ಹೊಟ್ಟು ಕಾಳಿನ ಜೊತೆಗೇ ಇಳಿಯುತ್ತದೆ. ತೇವ ಆರದಿದ್ದರೆ ಅಂಟಿಕೊಂಡೇ ಬೀಳುತ್ತದೆ. ಸುಳಿಗಾಳಿ ಎದ್ದರೆ ಹೋದ ಹೊಟ್ಟು ತಿರುಗಿ ರಾಶಿಗೇ ಬರುತ್ತದೆ. ಬೇಕಾದದ್ದು ಒಂದೇ ದಿಕ್ಕಿನಿಂದ ಹದವಾಗಿ ಬೀಸುವ ಗಾಳಿ. ಅದು ಹೇಳಿಕೇಳಿ ಬರುವುದಿಲ್ಲ. ರಾತ್ರಿ ಬಂದರೆ ರಾತ್ರಿಯೇ ಏಳಬೇಕು.

ಅದಕ್ಕೇ ‘ಕಬ್ಬಿಣ ಕಾದಾಗಲೇ ಬಡಿ’ ಅನ್ನುವುದೂ ಇದೂ ಒಂದೇ ಅಲ್ಲ. ಕಬ್ಬಿಣವನ್ನು ಕಮ್ಮಾರನೇ ಕಾಯಿಸುತ್ತಾನೆ. ಗಾಳಿ ರೈತನ ಕೈಲಿಲ್ಲ. ಅವನ ಕೈಲಿರುವುದು ರಾಶಿ ಸಿದ್ಧ ಮಾಡಿ ಕಾಯುವುದಷ್ಟೆ. ಗೋದಾಮಿನಲ್ಲಿ ಒಣಗಿದ ಅಡಿಕೆ ಇಟ್ಟವನಿಗೆ ದಿಢೀರನೆ ರೇಟು ಬಂದಾಗ ಈ ಮಾತು ಒಪ್ಪುತ್ತದೆ. ಅಡಿಕೆಯೇ ಇಲ್ಲದವನಿಗೆ ಒಪ್ಪುವುದಿಲ್ಲ. ವರ್ಷವರ್ಷವೂ ಬರುವ ಪರೀಕ್ಷೆಗೂ ಅಷ್ಟಾಗಿ ಹೊಂದುವುದಿಲ್ಲ.

ಒಂದು ಪದ ಬದಲಾದರೆ ಹೊಗಳಿಕೆ ಬೈಗುಳವಾಗುತ್ತದೆ, ಇಲ್ಲಿ ಎಚ್ಚರ ಬೇಕು. ‘ಗಾಳಿ ಬಂದಾಗ ತೂರಿಕೊಂಡ’ ಅಂದರೆ ಸಮಯ ನೋಡಿ ಕೆಲಸ ಮಾಡಿಕೊಂಡ, ಜಾಣ. ‘ಗಾಳಿ ಬಂದ ಕಡೆ ತೂರಿಕೊಳ್ಳುವವನು’ ಅಂದರೆ ನಿಲುವಿಲ್ಲದವನು. ಪಕ್ಷ ಬಿಟ್ಟು ಪಕ್ಷಕ್ಕೆ ಹಾರುವವರಿಗೆ ಅನ್ನುವುದು ಇದನ್ನೇ. ಪತ್ರಿಕೆಗಳ ‘ನಿಯಮ ಗಾಳಿಗೆ ತೂರಿದರು’ ಮತ್ತೊಂದು ದಾರಿ ಹಿಡಿದಿದೆ: ನಿಯಮವನ್ನು ಹೊಟ್ಟಿನ ಲೆಕ್ಕಕ್ಕೆ ಇಳಿಸಿ ಹಾರಿಬಿಟ್ಟರು ಅಂತ. ಅಲ್ಲಿ ‘ಕೊಳ್ಳು’ ಇಲ್ಲ, ಗಮನಿಸಿ. ‘ತೂರಿಕೋ’ದಲ್ಲಿ ಅದಿದೆ, ಯಾಕೆಂದರೆ ಉಳಿದ ಕಾಳು ತೂರಿದವನದೇ.

ಹಿರಿಯರಿಗೆ ‘ತೂರಿಕೋ’ ಎಂದು ನೇರ ಹೇಳಿದರೆ ಒರಟಾಗುತ್ತದೆ. ‘ಗಾಳಿ ಬಂದಾಗ ತೂರಿಕೋಬೇಕಲ್ವಾ ಅಣ್ಣಾ’ ಅಂದರೆ ಸಲಹೆಯೂ ಆಯಿತು, ಮರ್ಯಾದೆಯೂ ಉಳಿಯಿತು.