ಮಳೆಗೆ ಮುರಿದ ಡೇರೆ

ಆಗಸ್ಟ್ ತಿಂಗಳ ಒಂದು ರಾತ್ರಿ ಗಾಳಿಮಳೆ ಹೊಡೆದ ಹೊಡೆತಕ್ಕೆ ನಮ್ಮ ಅಂಗಳದ ಡೇರೆ ಗಿಡಗಳು ಮಲಗಿಬಿಟ್ಟವು. ಪೇಟೆಯವರು ಡೇಲಿಯಾ ಅನ್ನುತ್ತಾರೆ. ನಮ್ಮ ಶಿರಸಿ ಕಡೆ ಅದು ಡೇರೆಯೇ. ಮೆಕ್ಸಿಕೋದಿಂದ ಬಂದ ಗಿಡ ಅಂದರೆ ನಮ್ಮತ್ತೆ ನಂಬುವುದಿಲ್ಲ. ಅವರ ಪಾಲಿಗೆ ಅದು ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಗೆಡ್ಡೆ.

ತಪ್ಪು ನನ್ನದೇ. ಡೇರೆಯ ದಂಟು ಒಳಗೆ ಟೊಳ್ಳು. ಎಸಳಿನಲ್ಲಿ ಮಳೆನೀರು ತುಂಬಿದರೆ ಭಾರಕ್ಕೆ ಪಟ್ ಅಂತ ಮುರಿಯುತ್ತದೆ. ಕೋಲು ಊರಿ ಕಟ್ಟು ಅಂತ ಅತ್ತೆ ವಾರದಿಂದ ಹೇಳುತ್ತಲೇ ಇದ್ದರು. ನಾನು ನಾಳೆ, ನಾಳೆ ಅನ್ನುತ್ತಿದ್ದೆ.

ಕೆಸರಿನಿಂದ ಹನ್ನೊಂದು ಹೂ ಆರಿಸಿ ತಂದೆ. "ನೆಲಕ್ಕೆ ಬಿದ್ದಿದ್ದು ದೇವರಿಗೆ ಬರ್ತಿಲ್ಲೆ" ಅಂದರು ಅತ್ತೆ. ಆ ರಿಯಾಯಿತಿ ಪಾರಿಜಾತಕ್ಕೆ ಮಾತ್ರ. ಮುಡಿಯೋಣ ಅಂದರೆ ಒಂದೊಂದೂ ಸಾಸರಿನಷ್ಟು ಅಗಲ. ಉಳಿದದ್ದು ಗೊಬ್ಬರದ ಗುಂಡಿ. ಮನಸ್ಸು ಬರಲಿಲ್ಲ.

ಮದುವೆಯಲ್ಲಿ ಬಂದ ಗಾಜಿನ ಹೂದಾನಿಯೊಂದು ಶೋಕೇಸಿನಲ್ಲಿತ್ತು, ಪ್ಲಾಸ್ಟಿಕ್ ಗುಲಾಬಿ ಹೊತ್ತುಕೊಂಡು. ಹಿತ್ತಲಲ್ಲಿ ಇಷ್ಟೆಲ್ಲ ಹೂ ಅರಳುವಾಗ ಅದಕ್ಕೆ ಧೂಳು ಒರೆಸುತ್ತಾ ಕೂತಿದ್ದೆನಲ್ಲ! ಪ್ಲಾಸ್ಟಿಕ್ ಕಿತ್ತು, ತೊಳೆದು, ಡೇರೆ ತುರುಕಿದೆ. ಮಧ್ಯಾಹ್ನದೊಳಗೆ ಎಲ್ಲವೂ ಕತ್ತು ಕೆಳಗೆ ಹಾಕಿದವು.

ಮುರಿದ ತುದಿಯನ್ನು ಹಾಗೇ ಬಿಟ್ಟಿದ್ದೆ, ಎಲೆಗಳೂ ನೀರಿನಲ್ಲಿ ಮುಳುಗಿದ್ದವು. ಎಲೆ ಕೊಳೆತರೆ ನೀರು ಕೆಡುತ್ತದೆ, ಕೆಟ್ಟ ನೀರನ್ನು ದಂಟು ಎಳೆಯುವುದಿಲ್ಲ. ಕೆಳಗಿನ ಎಲೆ ಸವರಿ, ದಂಟನ್ನು ಬಕೆಟಿನ ನೀರೊಳಗೇ ಓರೆಯಾಗಿ ಕತ್ತರಿಸಿದೆ. ಆಮೇಲೆ ಎಲ್ಲೋ ಓದಿದ್ದ ಉಪಾಯ ನೆನಪಾಯಿತು. ಬೆರಳು ಅದ್ದಲಾಗದಷ್ಟು ಬಿಸಿ, ಆದರೆ ಕುದಿಯದ ನೀರಿನಲ್ಲಿ ದಂಟಿನ ತುದಿಯನ್ನಷ್ಟೇ ನಿಲ್ಲಿಸಿ, ಆರುವ ತನಕ ಬಿಟ್ಟೆ.

"ಹೂವಿಗೂ ಬಿಸಿನೀರು ಸ್ನಾನವಾ?" ಅತ್ತೆ ನಕ್ಕರು.

ಸಂಜೆಗೆ ಏಳು ಎದ್ದು ನಿಂತವು. ಮೂರು ಹೋದವು. ಇನ್ನೊಂದು ಅರೆಬಿರಿದದ್ದು, ಅದು ಹಾಗೇ ಉಳಿಯಿತು. ಸುಗಂಧರಾಜದ ಕಡ್ಡಿಯಾದರೆ ನೀರಿನಲ್ಲಿಟ್ಟ ಮೇಲೂ ಕೆಳಗಿನಿಂದ ಒಂದೊಂದೇ ಮೊಗ್ಗು ಅರಳುತ್ತದೆ. ಡೇರೆ ಮೊಗ್ಗಿನಲ್ಲಿ ಕೊಯ್ದರೆ ಅರಳುವ ಮಾತು ಕಡಿಮೆ.

ಹೂದಾನಿಯ ಬಾಯಿ ತೀರಾ ಇಕ್ಕಟ್ಟು. ಖಾಲಿಯಿದ್ದ ಉಪ್ಪಿನಕಾಯಿ ಭರಣಿ ತಂದೆ. ಭಾರದ್ದು, ಎಷ್ಟೇ ದೊಡ್ಡ ಹೂ ಇಟ್ಟರೂ ಬೀಳುವುದಿಲ್ಲ. ಆದರೆ ಬಾಯಿ ಅಗಲ, ಹೂಗಳೆಲ್ಲ ಅಂಚಿಗೆ ಜಾರುತ್ತವೆ. ಹಿತ್ತಲಿನ ಜರಿಗಿಡದ ಕಡ್ಡಿಗಳನ್ನು ಅಡ್ಡಾದಿಡ್ಡಿ ಇಳಿಬಿಟ್ಟು ಆ ಸಂದಿಯಲ್ಲಿ ಹೂ ಸಿಕ್ಕಿಸಿದೆ. ದೊಡ್ಡ ಕೆಂಪು ಡೇರೆಗಳು ಭರಣಿಯ ಬಾಯಿಗೆ ತಾಗುವಂತೆ, ಸಣ್ಣ ಹಳದಿಯವು ಎತ್ತರಕ್ಕೆ. ಬಿಳಿಯದೊಂದನ್ನು ನಾಲ್ಕು ಸಲ ಜಾಗ ಬದಲಿಸಿದೆ. ಕೊನೆಗೆ ಒಂದು ಬದಿಗೆ ವಾಲಿಸಿ ಬಿಟ್ಟ ಮೇಲೆ ಸರಿ ಕಂಡಿತು. ಕೈತಪ್ಪಿ ಆದದ್ದೇ ಜಾಸ್ತಿ ಚೆನ್ನಾಗಿರುತ್ತದೆ, ಅಲ್ವಾ?

ಜಗಲಿಯ ಮೇಜಿನ ಮೇಲಿಟ್ಟೆ. ಪಕ್ಕದಲ್ಲೇ ಬಾಳೆಗೊನೆ ತೂಗುತ್ತಿತ್ತು. ಹಣ್ಣಾಗುವಾಗ ಬಾಳೆಯಿಂದ ಎಥಿಲೀನ್ ಅನಿಲ ಬರುತ್ತದೆ, ಎಷ್ಟೋ ಹೂಗಳು ಅದಕ್ಕೆ ಬೇಗ ಬಾಡುತ್ತವೆ. ಗೊನೆಯನ್ನು ಒಳಗೆ ಸಾಗಿಸಿದೆ. ಎಸಳಿನೊಳಗಿಂದ ಇರುವೆಗಳು ಹೊರಟು ಮೇಜಿನ ಮೇಲೆ ಸಾಲುಗಟ್ಟಿದವು. ಅವನ್ನು ಅತ್ತೆ ನೋಡುವ ಮೊದಲೇ ಒರೆಸಿದೆ.

ಮರುದಿನ ಪಕ್ಕದ ಮನೆಯ ಅಕ್ಕ ಮೊಸರಿನ ಹೆಪ್ಪಿಗೆ ಬಂದರು. ಭರಣಿಯ ಸುತ್ತ ಒಂದು ಸುತ್ತು ಹಾಕಿದರು. ಜೋಡಣೆಯ ಬಗ್ಗೆ ಮಾತೇ ಇಲ್ಲ.

"ಈ ಕೆಂಪಿಂದು ನಮ್ಮಲ್ಲಿಲ್ಲೆ. ಗೆಡ್ಡೆ ಕೊಡ್ತ್ರಾ?"

"ಗಿಡ ಒಣಗಲಿ, ಕೊಡ್ತಿ" ಅಂದರು ಅತ್ತೆ. "ಹಳದಿ ಇದ್ದರೆ ನೀನೂ ತಗಂಡು ಬಾ."