ಜೋರ್ಡನ್ ಇಲ್ಲದ ವರ್ಷ, ಸೆಟ್ಟರ್ ಅಣ್ಣ ಇಲ್ಲದ ವಾರ

ಪೀಣ್ಯದಲ್ಲಿ ಕಂಪ್ಯೂಟರ್ ಹೇಳ್ದಂಗೆ ಲೋಹ ಕೊರೆಯೋ ಮೆಷಿನ್ ಇರೋ ಒಂದು ಸಿಎನ್‌ಸಿ ಶಾಪಲ್ಲಿ ಶಿಫ್ಟ್ ಇನ್‌ಚಾರ್ಜ್ ಆಗಿದೀನಿ, ಕಾಲೇಜಲ್ಲಿ ಆಡ್ತಿದ್ದ ಬ್ಯಾಸ್ಕೆಟ್‌ಬಾಲ್ ಹುಚ್ಚು ಇನ್ನೂ ಬಿಟ್ಟಿಲ್ಲ. ಮೊನ್ನೆ ಟೀ ಟೈಮಲ್ಲಿ ನಮ್ಮ ಟ್ರೈನಿ ಹುಡುಗ, "ಸರ್, ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗಲ್ಲಿ ಫಿಲ್ ಜಾಕ್ಸನ್ ಕೋಚ್ ಆಗಿ 11 ಟೈಟಲ್ ಗೆದ್ದಿದ್ದು ಏನ್ ಮಹಾ, ಜೋರ್ಡನ್, ಶಕೀಲ್, ಕೋಬಿ ಥರ ಸ್ಟಾರ್ ಆಟಗಾರರು ಇದ್ರೆ ಯಾರ್ ಬೇಕಾದ್ರೂ ಗೆಲ್ಲಿಸ್ತಾರೆ" ಅಂದ. ಅವನ ಮಾತು ನಂಗೆ ಚುಚ್ಚಿತು, ಯಾಕಂದ್ರೆ ಇದೇ ಪ್ರಶ್ನೆ ನನ್ನ ಮೇಲೂ ಬಂದಿತ್ತು.

ನಾಲ್ಕು ವರ್ಷದ ಹಿಂದೆ ನಮ್ಮ ಲೈನಲ್ಲಿ ರಿಜೆಕ್ಷನ್ (ಅಳತೆ ತಪ್ಪಿ ಪಕ್ಕಕ್ಕೆ ಹಾಕೋ ಪೀಸು) ತುಂಬ ಕಮ್ಮಿ, ಆಯುಧಪೂಜೆ ದಿನ ನಂಗೆ ಬೆಸ್ಟ್ ಸೂಪರ್‌ವೈಸರ್ ಅಂತ ಶಾಲು ಹೊದಿಸಿದ್ರು. ಮೂರು ತಿಂಗಳಿಗೆ ಮೆಷಿನ್ ಅಳತೆ ಹೊಂದಿಸ್ತಿದ್ದ ನಮ್ಮ ಸೆಟ್ಟರ್ ಅಣ್ಣ ರಿಟೈರ್ ಆಗಿ ಊರಿಗೆ ಹೋದ್ರು. ಮರುವಾರದಿಂದಲೇ ಬೋರ್ (ಪೀಸಿನಲ್ಲಿ ಕೊರೆಯೋ ತೂತು) ಓವರ್‌ಸೈಜ್ ಬರಕ್ಕೆ ಶುರು, ರಿಜೆಕ್ಟ್ ಹಾಕೋ ಕೆಂಪು ಬಿನ್ ತುಂಬ್ತಾ ಹೋಯ್ತು. ಆಗ ಕಣ್ಮುಂದೆ ಬಂತು ಅವರು ದಿನಾ ಬೆಳಿಗ್ಗೆ ಮಾಡ್ತಿದ್ದಿದ್ದು, ಸ್ಪಿಂಡಲ್ (ಮೆಷಿನ್ನಿನ ತಿರುಗೋ ಭಾಗ) ಖಾಲಿ ಓಡಿಸಿ ಬಿಸಿ ಮಾಡೋರು, ಮೊದಲ ಪೀಸ್ ಬನಿಯನ್ ವೇಸ್ಟಲ್ಲಿ ಒರೆಸಿ ಬೋರ್ ಗೇಜ್ ಇಳಿಸಿ, ಕಣ್ಣು ಕಿರಿದು ಮಾಡ್ಕೊಂಡು ಡಯಲ್ ನೋಡಿ, ಆಫ್‌ಸೆಟಲ್ಲಿ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಐದು ಭಾಗ) ಟೂಲ್ ಸರಿಸೋರು. ಯಾವ ಇನ್ಸರ್ಟ್ (ಟೂಲಿನ ಕೊರೆಯೋ ತುದಿ) ಎಷ್ಟು ಪೀಸಿಗೆ ತಿರುಗಿಸ್ಬೇಕು ಅನ್ನೋದೆಲ್ಲ ಅವರ ಜೇಬಿನ ಡೈರೀಲಿತ್ತು. ನಾನು ಒಂದಿನಾನೂ ಅದನ್ನ ಕೇಳಿ ನೋಡಿರ್ಲಿಲ್ಲ. ಸನ್ಮಾನದ ದಿನ ಮೈಕ್ ಕೊಟ್ಟಾಗ ಅವರ ಹೆಸರೂ ಎತ್ತಿರ್ಲಿಲ್ಲ, ಆ ಸಂಕಟ ಇವತ್ತಿಗೂ ಇದೆ.

ಅದಕ್ಕೇ ನಂಗೆ ಜಾಕ್ಸನ್ ದೊಡ್ಡವರು ಅನ್ಸೋದು. ಜಾಕ್ಸನ್ ಕೋಚ್ ಆಗಿದ್ದ, ಜೋರ್ಡನ್ ಇದ್ದ ಶಿಕಾಗೋ ಬುಲ್ಸ್ ಟೀಮು ಆಡ್ತಿದ್ದ ಟ್ರಯಾಂಗಲ್ ಅಫೆನ್ಸ್ (ತ್ರಿಕೋನದಲ್ಲಿ ನಿಂತು ಪಾಸ್ ಮಾಡ್ತಾ ದಾಳಿ ಮಾಡೋ ಆಟ) ಅವರದ್ದಲ್ಲ, ಅವರಿಗಿಂತ 20 ವರ್ಷಕ್ಕೂ ಹಿರಿಯರಾದ ಅಸಿಸ್ಟೆಂಟ್ ಟೆಕ್ಸ್ ವಿಂಟರ್ ಅವರದ್ದು. ಜಾಕ್ಸನ್ ಅದನ್ನ ಮುಚ್ಚಿಡಲಿಲ್ಲ, ಶಕೀಲ್, ಕೋಬಿ ಆಡ್ತಿದ್ದ ಲೇಕರ್ಸ್‌ಗೆ ಹೋದಾಗ ವಿಂಟರ್‌ನ ಜೊತೇಲೇ ಕರ್ಕೊಂಡು ಹೋದ್ರು. ಇನ್ನು ಜೋರ್ಡನ್ 1984ರಲ್ಲೇ ಬಂದಿದ್ರೂ ಮೊದಲ ಟೈಟಲ್ ಸಿಕ್ಕಿದ್ದು 1991ಕ್ಕೆ, ಅದಕ್ಕೆ ಮುಂಚೆ ಸತತ ಮೂರು ವರ್ಷ ಪ್ಲೇಆಫಲ್ಲಿ ಡೆಟ್ರಾಯ್ಟ್ ಪಿಸ್ಟನ್ಸ್ ಕೈಲಿ ಸೋತು ಮನೆಗೆ ಹೋಗಿದ್ರು, ಅಂದ್ರೆ ಅಷ್ಟು ದೊಡ್ಡ ಸ್ಟಾರ್ ಒಬ್ರೇ ಇದ್ರೆ ಸಾಕಾಗಿರ್ಲಿಲ್ಲ.

ನಾನು ಟ್ರೈನಿಗೆ ಹೇಳಿದ್ದು 1993-94ರ ಸೀಸನ್ ನೋಡು ಅಂತ. ಜೋರ್ಡನ್ ರಿಟೈರ್ ಆಗಿದ್ರು, ಹಿಂದಿನ ವರ್ಷ 57 ಮ್ಯಾಚ್ ಗೆದ್ದಿದ್ದ ಟೀಮು ಅವರಿಲ್ದೇನೂ 55 ಗೆಲ್ತು! ಅದು ಜಾಕ್ಸನ್, ವಿಂಟರ್, ಜೋರ್ಡನ್ ಜೊತೆ ಆಡ್ತಿದ್ದ ಪಿಪ್ಪೆನ್ ಇವರೆಲ್ಲರ ಕೆಲಸ. ಆದ್ರೆ ಪ್ಲೇಆಫಲ್ಲಿ ನ್ಯೂಯಾರ್ಕ್ ನಿಕ್ಸ್ ಎದುರು ಏಳು ಮ್ಯಾಚಿನ ಸರಣೀಲಿ ಏಳನೇ ಮ್ಯಾಚಿಗೆ ಸೋತ್ರು, ಜೋರ್ಡನ್ ಬೆಲೆ ಏನಂತ ಅಲ್ಲಿ ಗೊತ್ತಾಗುತ್ತೆ. ಜಾಕ್ಸನ್, ಜೋರ್ಡನ್ ಇಬ್ಬರ ಹೆಸರೂ ಸುಮ್ನೆ ಬಂದಿದ್ದಲ್ಲ. ಹಾಗಂತ ಜಾಕ್ಸನ್ ಮುಟ್ಟಿದ್ದೆಲ್ಲ ಚಿನ್ನ ಆಗ್ಲಿಲ್ಲ, ಅದೇ ನಿಕ್ಸ್‌ಗೆ 2014ರಲ್ಲಿ ಪ್ರೆಸಿಡೆಂಟ್ ಆಗಿ ಹೋದ್ರು, ಮುಂದಿನ ಸೀಸನಲ್ಲಿ ಟೀಮು 82 ಮ್ಯಾಚಲ್ಲಿ 17 ಗೆಲ್ತು ಅಷ್ಟೇ. ಕೋಚಿಂಗ್ ಬೇರೆ, ಟೀಮ್ ಕಟ್ಟೋದು ಬೇರೆ.

ಅಣ್ಣನ ಊರು ತಿಪಟೂರು ಹತ್ರ. ರಿಜೆಕ್ಷನ್ ಏರಿದಾಗಲೇ ಒಂದು ಭಾನುವಾರ ಹೋಗಿ ಕ್ಷಮೆ ಕೇಳ್ದೆ, ಎಳನೀರು ಕೊಟ್ಟು ಡೈರೀನೂ ಕೊಟ್ರು. ಈಗ ಅಪ್ರೈಸಲ್ ಬರೆಯೋವಾಗ ಒಬ್ಬೊಬ್ಬರೂ ರಜೆ ಹಾಕಿದ್ದ ವಾರದ ರಿಜೆಕ್ಷನ್ ಶೀಟ್ ತೆಗೆದು ಪಕ್ಕದಲ್ಲಿಟ್ಕೊಂಡೇ ಕೂರ್ತೀನಿ.