ದೊಡ್ಡಮ್ಮ ಕಣ್ಣು ಮಿಟುಕಿಸಿದರು

ಸೆಪ್ಟೆಂಬರಿನಿಂದ ದೊಡ್ಡಮ್ಮನ ಪೆನ್ಶನ್ ಬಂದಿರಲಿಲ್ಲ. ನನಗೆ ಹೇಳಿದ್ದು ನವೆಂಬರಿನಲ್ಲಿ. ಅದೂ ಫೋನ್ ಇಡುವ ಮೊದಲು, "ಮತ್ತೆಂತ ಇಲ್ಲ ಮಗಾ, ಆ ಸಾವಿರ ರೂಪಾಯಿ ಬರ್ತಾ ಇಲ್ಲ" ಅಂತ. ಹೋದ ವರ್ಷ ಕೊಟ್ಟಿದ್ದ ಜೀವನ ಪ್ರಮಾಣ ಪತ್ರದ ಅವಧಿ ಮುಗಿದಿತ್ತು, ಅಷ್ಟೇ. ದೊಡ್ಡಮ್ಮನ ಹಾಗೆ ಕಂಪೆನಿ ಕೆಲಸದ ಪಿ.ಎಫ್. ಪೆನ್ಶನ್‌ನವರು ಆ ಪತ್ರವನ್ನು ಯಾವ ತಿಂಗಳಲ್ಲಾದರೂ ಕೊಡಬಹುದು. ಒಂದು ವರ್ಷ ನಡೆಯುತ್ತದೆ. ಆಮೇಲೆ ಬದುಕಿದ್ದೇವೆ ಅಂತ ಮತ್ತೆ ತೋರಿಸಬೇಕು.

ಪಕ್ಕದ ಮನೆಯ ಮಾಷ್ಟ್ರಿಗೂ ಅದೇ ಕೆಲಸ ಇತ್ತು. ಸರ್ಕಾರಿ ಶಾಲೆಯಲ್ಲಿ ಹೆಡ್‌ಮಾಷ್ಟ್ರಾಗಿದ್ದವರು. ಅವರದ್ದು ನವೆಂಬರಿನಲ್ಲೇ ಆಗಬೇಕು. ಒಂದು ಸೋಮವಾರ ರಜೆ ಹಾಕಿ ಇಬ್ಬರನ್ನೂ ಕಾರಲ್ಲಿ ಕೂರಿಸಿಕೊಂಡು ಬ್ರಹ್ಮಾವರದ ಕಡೆಯಿಂದ ಉಡುಪಿಗೆ ಹೊರಟೆ.

"ಬಸ್ಸಲ್ಲೇ ಬರ್ತಿದ್ದೆ, ನಿನಗೆ ಸುಮ್ನೆ ಪೆಟ್ರೋಲ್ ಖರ್ಚು" ಅಂದರು ದೊಡ್ಡಮ್ಮ. ಬಸ್ಸಿಗೂ ಖರ್ಚೇ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸು ಹೆಂಗಸರಿಗೆ ಫ್ರೀ ಆಯಿತು. ನಮ್ಮ ಕಡೆ ಓಡುವುದು ಜಾಸ್ತಿ ಪ್ರೈವೇಟ್ ಬಸ್ಸುಗಳೇ ಅಲ್ವಾ? ದೊಡ್ಡಮ್ಮ ಈಗಲೂ ಟಿಕೆಟ್ ತೆಗೆಯುತ್ತಾರೆ.

ಬ್ಯಾಂಕಿನಲ್ಲಿ ಮಾಷ್ಟ್ರ ಕೆಲಸ ಎರಡು ನಿಮಿಷದಲ್ಲಿ ಮುಗಿಯಿತು. ಬೆರಳು ಇಟ್ಟರು, ಹಸಿರು ಲೈಟು ಬಂತು, ಎದ್ದರು. ದೊಡ್ಡಮ್ಮ ಕೂತರು. ಹೆಬ್ಬೆರಳು, ಇಲ್ಲ. ತೋರುಬೆರಳು, ಇಲ್ಲ. ಹುಡುಗಿ ಒದ್ದೆ ಬಟ್ಟೆ ಕೊಟ್ಟಳು, ಒರೆಸಿದರು. ಇಲ್ಲ. "ಅಮ್ಮಾ, ಸ್ವಲ್ಪ ಒತ್ತಿ ಹಿಡೀರಿ." ಒತ್ತಿದರು. ಹತ್ತು ಬೆರಳೂ ಆಯಿತು. ನಮ್ಮ ಹಿಂದೆ ನಿಂತವರು ಒಬ್ಬೊಬ್ಬರೇ ಒಂದೊಂದು ಮದ್ದು ಹೇಳತೊಡಗಿದರು. ತೆಂಗಿನೆಣ್ಣೆ ಅಂತೆ, ಲಿಂಬೆಹುಳಿ ಅಂತೆ.

ಆ ಬೆರಳುಗಳಲ್ಲಿ ಗೆರೆ ಎಲ್ಲಿಂದ ಬರಬೇಕು? ಹತ್ತನೇ ವಯಸ್ಸಿಗೆ ಬೀಡಿ ಕಟ್ಟಲು ಮಡಿಲಲ್ಲಿ ಮೊರದಂಥ ತಡ್ಪೆ ಇಟ್ಟುಕೊಂಡು ಕೂತವರು. ಎಲೆ ಕತ್ತರಿಸುವುದು, ಹೊಗೆಸೊಪ್ಪು ತುಂಬಿ ಸುರುಳಿ ಸುತ್ತುವುದು, ತುದಿ ಮಡಚುವುದು, ನೂಲು ಕಟ್ಟುವುದು. ಕೈ ಓಡುವ ಕಾಲದಲ್ಲಿ ದಿನಕ್ಕೆ ಸಾವಿರ ಬೀಡಿ. ಮದುವೆಗೆ ಮುಂಚೆ ಕಟ್ಟಿದ್ದೆಲ್ಲ ಅವರ ಅಮ್ಮನ ಹೆಸರಲ್ಲಿ ಹೋಗುತ್ತಿತ್ತು. ಆಗ ಮನೆಯಲ್ಲಿ ಬೀಡಿಯ ಲೆಕ್ಕ ಬರೆಯುವ ಪುಸ್ತಕ ಒಂದು, ಕಟ್ಟುವ ಕೈ ನಾಲ್ಕು. ಹಾಗಾಗಿ ಆ ವರ್ಷಗಳು ಪೆನ್ಶನ್ ಲೆಕ್ಕಕ್ಕೆ ಇಲ್ಲವೇ ಇಲ್ಲ. ಕೈಗೆ ಬರುವುದು ಪಿ.ಎಫ್. ಪೆನ್ಶನ್‌ನ ಕನಿಷ್ಠ ಮೊತ್ತ, 1000 ರೂಪಾಯಿ. ದಿನಕ್ಕೆ ಸಾವಿರ ಬೀಡಿ ಕಟ್ಟಿದ್ದಕ್ಕೆ ತಿಂಗಳಿಗೆ ಸಾವಿರ. ಈ ಕನಿಷ್ಠ ನಿಗದಿಯಾದದ್ದು 2014ರ ಸೆಪ್ಟೆಂಬರಿನಲ್ಲಿ. ಆಮೇಲೆ ಊರಲ್ಲಿ ಗೋಳಿಬಜೆಯ ರೇಟು ಎಷ್ಟು ಸಲ ಏರಿತೋ!

ನಮ್ಮ ಹಿಂದೆ ಪಾಸ್‌ಬುಕ್ ಹಿಡಿದು ನಿಂತಿದ್ದ ಅಜ್ಜಿಯೊಬ್ಬರು ಮಾತಿಗೆ ಸಿಕ್ಕಿದರು. ಅವರಿಗೆ ಬರುವುದು ರಾಜ್ಯ ಸರ್ಕಾರದ ವೃದ್ಧಾಪ್ಯ ಪೆನ್ಶನ್ ಸಂಧ್ಯಾ ಸುರಕ್ಷಾ, ತಿಂಗಳಿಗೆ 1200. ಪಿ.ಎಫ್. ಇಲ್ಲ, ಯಾವ ಪುಸ್ತಕವೂ ಇಲ್ಲ. ಗದ್ದೆ ಕೆಲಸ ಮಾಡಿದವರು. ದೊಡ್ಡಮ್ಮ ನನ್ನ ಕಡೆ ತಿರುಗಿ ಮೆಲ್ಲಗೆ, "ಪಿ.ಎಫ್. ಕಟ್ಟದವರಿಗೆ ಇನ್ನೂರು ಜಾಸ್ತಿಯಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಂದು ತಮಾಷೆ ಅಂದರೆ, ಮನೆಯ ಯಜಮಾನಿ ಅಂತ ದೊಡ್ಡಮ್ಮನಿಗೆ ಗೃಹಲಕ್ಷ್ಮಿಯ 2000 ಬರುತ್ತದೆ. ಸೊಸೆ ಬಂದ ಮೇಲೆ ಅವರು ಅಡುಗೆಮನೆಗೂ ಅಷ್ಟಾಗಿ ಹೋಗುವುದಿಲ್ಲ! ಯಜಮಾನಿಯಾಗಿ ಸುಮ್ಮನೆ ಕೂತದ್ದಕ್ಕೆ ಎರಡು ಸಾವಿರ, ಅಷ್ಟು ವರ್ಷ ಕೂತು ಬೀಡಿ ಕಟ್ಟಿದ್ದಕ್ಕೆ ಅದರ ಅರ್ಧ. ಗೃಹಲಕ್ಷ್ಮಿ ಬೇಡ ಅಂತ ಅಲ್ಲ ನಾನು ಹೇಳುವುದು. ಲೆಕ್ಕದ ತಲೆಬುಡ ಎಲ್ಲಿ ಅಂತ.

ಕೊನೆಗೆ ಆ ಹುಡುಗಿಯೇ ಮೊಬೈಲ್ ತೆಗೆದು ಮುಖದ ಸ್ಕ್ಯಾನ್‌ಗೆ ಇಟ್ಟಳು. "ಅಮ್ಮಾ, ಕಣ್ಣು ಮಿಟುಕಿಸಿ." ದೊಡ್ಡಮ್ಮ ಫೋಟೋ ಅಂದುಕೊಂಡು ಕಣ್ಣು ಅಗಲ ಮಾಡಿ ಉಸಿರು ಬಿಗಿಹಿಡಿದು ಕೂತರು. ಥೇಟ್ ಅವರ ಮದುವೆ ಫೋಟೋದ ಮುಖ. "ಮಿಟುಕಿಸಿ ಅಮ್ಮಾ, ಇಲ್ಲದಿದ್ರೆ ಅದಕ್ಕೆ ಜೀವ ಉಂಟು ಅಂತ ಗೊತ್ತಾಗುದಿಲ್ಲ." ನಾಲ್ಕನೇ ಸಲಕ್ಕೆ ಮಿಟುಕಿಸಿದರು. ಆಯಿತು. ನಿಂತ ಎರಡು ತಿಂಗಳದ್ದೂ ಸೇರಿ ಬರುತ್ತದೆ ಅಂದಳು.

ಹೊರಗೆ ಬಂದು ಸರ್ವೀಸ್ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಹೋದೆವು. ಮಾಷ್ಟ್ರು ಚಹಾ ಬರುವವರೆಗೆ ಸುಮ್ಮನಿದ್ದರು. ಆಮೇಲೆ ಶುರು ಮಾಡಿದರು. ಪೆನ್ಶನ್ ಅಂದರೆ ಸರ್ಕಾರದ ದಯೆ ಅಲ್ಲ, ಹಿಂದೆ ಮಾಡಿದ ಸೇವೆಗೆ ಸಿಗುವ ಹಕ್ಕು ಅಂತ 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ನಾಕರಾ ಕೇಸಿನಲ್ಲಿ ಹೇಳಿದೆ, ಆ ದಿನವನ್ನೇ ಪೆನ್ಶನರ್‌ಗಳ ದಿನ ಅಂತ ಆಚರಿಸುವುದು, ಹೀಗೆ. ಪಾಠ ಮಾಡುವ ಅಭ್ಯಾಸ ಹೋಗುವುದಿಲ್ಲ.

"ಸೇವೆ ಅಂದ್ರೆ ಯಾರಿಗೆ ಮಾಡಿದ್ದು?" ಅಂತ ದೊಡ್ಡಮ್ಮ ಕೇಳಿದರು.

"ಸರ್ಕಾರಕ್ಕೆ."

"ಬೀಡಿಗೆ ಸರ್ಕಾರ ಟ್ಯಾಕ್ಸ್ ತಗೊಂಡಿಲ್ವಾ ಮಾಷ್ಟ್ರೇ?"

ತಗೊಂಡಿದೆ. ಮೊದಲು ಅಬಕಾರಿ ಸುಂಕ, ಅದರ ಮೇಲೆ ಸೆಸ್, ಈಗ ಜಿ.ಎಸ್.ಟಿ. ಮಾಷ್ಟ್ರು ನಕ್ಕರು. ವಾದ ಮಾಡಲಿಲ್ಲ. ಅವರ ಮಗಳೂ ಟೀಚರೇ. 2006ರ ಏಪ್ರಿಲ್ 1ರ ನಂತರ ಕೆಲಸಕ್ಕೆ ಸೇರಿದ್ದರಿಂದ ಅವಳಿಗೆ ಅಪ್ಪನಂಥ ಪೆನ್ಶನ್ ಇಲ್ಲ, ಎನ್.ಪಿ.ಎಸ್. ಅನ್ನುವ ಹೊಸ ಪೆನ್ಶನ್ ಮಾತ್ರ. ತಿಂಗಳು ತಿಂಗಳು ಸಂಬಳದಲ್ಲಿ ನೂರಕ್ಕೆ ಹತ್ತು ಕಡಿತ. ಕೊನೆಗೆ ಎಷ್ಟು ಬರುವುದು ಅನ್ನುವುದು ಮಾರುಕಟ್ಟೆಯ ಕೈಯಲ್ಲಿ.

ನಾನು ಪ್ರೈವೇಟ್ ಕಂಪೆನಿಯವನು. ಸರ್ಕಾರಿ ಪೆನ್ಶನ್ ಅಂದರೆ ನಾನೂ ಗೊಣಗಿದ್ದೇನೆ. ನಾವು ತೆರಿಗೆ ಕಟ್ಟುವುದು, ಅವರು ಆರಾಮ ಇರುವುದು ಅಂತ. ಎಲ್ಲರಿಗೂ ಕೊನೆಯ ಸಂಬಳದ ಅರ್ಧ ಕೊಡಲು ಯಾವ ಖಜಾನೆಗೂ ಆಗುವುದಿಲ್ಲ, ಅದೂ ಗೊತ್ತು. ಹಳೇ ಪೆನ್ಶನ್‌ಗೆ ಅಂತ ಬೇರೆ ನಿಧಿಯೂ ಇರಲಿಲ್ಲ. ಆಯಾ ವರ್ಷದ ಬಜೆಟಿನಿಂದಲೇ ಕೊಡಬೇಕಿತ್ತು. ಆದರೆ ಮಾಷ್ಟ್ರನ್ನು ದಿನಾ ನೋಡುತ್ತೇನಲ್ಲ. ಮಗನ ಮನೆಯಲ್ಲಿ ಇದ್ದರೂ ಪೇಪರ್ ಬಿಲ್, ಮದ್ದು, ಮೊಮ್ಮಗನ ಸೈಕಲ್, ಯಾವುದಕ್ಕೂ ಕೈ ಚಾಚಿದವರಲ್ಲ. ಅಂಥ ಮುದುಕರನ್ನು ಸರ್ಕಾರವೇ ತಯಾರು ಮಾಡಬಹುದು ಅಂತ ಆಯಿತಲ್ಲ. ಹಾಗಾದರೆ ದೊಡ್ಡಮ್ಮನಿಗೆ ಯಾಕಿಲ್ಲ? ಅರ್ಧ ಸಂಬಳ ಬೇಡ. ಮದ್ದಿನ ಅಂಗಡಿಯಲ್ಲಿ ಚೀಟಿ ತೋರಿಸಿ "ಇದರಲ್ಲಿ ಯಾವುದು ಬಿಟ್ಟರೆ ತೊಂದರೆ ಇಲ್ಲ?" ಅಂತ ಕೇಳದಷ್ಟು ಸಾಕು. ಅವರು ಹಾಗೆ ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಬಿಲ್ ಮಾಷ್ಟ್ರು ಕೊಟ್ಟರು. ಹಿಂದೆ ಬರುವಾಗ ಸಂತೆಕಟ್ಟೆಯ ಹತ್ತಿರ ದೊಡ್ಡಮ್ಮ ಕೇಳಿದರು, "ನಿನಗೆ ಎಷ್ಟು ಬರ್ತದೆ ಮಗಾ, ರಿಟೈರ್ ಆದ್ಮೇಲೆ?"

ಲೆಕ್ಕ ನನ್ನ ತಲೆಯಲ್ಲೇ ಇತ್ತು. ಸಂಬಳ ಎಷ್ಟೇ ಜಾಸ್ತಿ ಇರಲಿ, ಪಿ.ಎಫ್. ಪೆನ್ಶನ್ ಲೆಕ್ಕಕ್ಕೆ ಈಗ ಹಿಡಿಯುವುದು ತಿಂಗಳಿಗೆ 15,000. ಅದನ್ನು ದುಡಿದ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಮೂವತ್ತು ವರ್ಷ ದುಡಿದರೂ ಏಳು ಸಾವಿರ ಮುಟ್ಟುವುದಿಲ್ಲ. ಹೇಳಿದೆ.

ದೊಡ್ಡಮ್ಮ ಸ್ವಲ್ಪ ಹೊತ್ತು ಹೊರಗೆ ನೋಡಿದರು. ಆಮೇಲೆ ನನ್ನ ಭುಜ ತಟ್ಟಿ, "ಬೇಜಾರು ಮಾಡ್ಬೇಡ. ನಿನಗೆ ಇನ್ನೂ ಟೈಮ್ ಉಂಟಲ್ಲ. ಅಷ್ಟರಲ್ಲಿ ಜಾಸ್ತಿ ಮಾಡ್ತಾರಂತೆ" ಅಂದರು.